ಸಾಹೇಬರು ಬರದ ದಿನ

ನನ್ನ ಗಂಡನಿಗೆ ದೇವರಲ್ಲಿ ನಂಬಿಕೆ ಅಷ್ಟಕ್ಕಷ್ಟೆ. ಆದರೆ ದೇವರನ್ನು ನಂಬಿದ ಮಂದಿಯಲ್ಲಿ ಮಾತ್ರ ವಿಪರೀತ ನಂಬಿಕೆ. ಮೊದಲನೆಯದರಿಂದ ನಮ್ಮ ಮನೆಗೆ ಎಂದೂ ತೊಂದರೆಯಾಗಲಿಲ್ಲ. ನಾನು ಇಲ್ಲಿ ಹೇಳಬೇಕಾದದ್ದು ಎರಡನೆಯದರ ಬಗ್ಗೆ.

ಇವರು ಫೌಜಿನಲ್ಲಿ ಮೇಜರ್ ಆಗಿದ್ದರು. ಹಳ್ಳಿಹಳ್ಳಿಗೂ ಮೊಬೈಲು ಕಾಲಿಡುತ್ತಿದ್ದ ವರ್ಷಗಳಲ್ಲಿ ನಾವು ನಾಸಿಕದ ಹತ್ತಿರ ಒಂದು ಛಾವಣಿಯಲ್ಲಿ, ಅಂದರೆ ಫೌಜಿನ ಕಂಟೋನ್ಮೆಂಟಿನಲ್ಲಿ, ಇದ್ದೆವು. ಕ್ವಾರ್ಟರ್ಸಿನಿಂದ ಒಂದಿಷ್ಟು ದೂರದಲ್ಲಿ ಬೋಳು ಗುಡ್ಡಗಳ ಸಾಲು, ಅಲ್ಲಿ ತೋಪು ಹಾರಿಸುವ ಅಭ್ಯಾಸ. ಫೈರಿಂಗ್ ಇದ್ದ ದಿನ ಬೆಳಗಿನಿಂದಲೇ ನಮ್ಮ ಅಡುಗೆಮನೆಯ ಸ್ಟೀಲ್ ಡಬ್ಬಿಗಳು ತಮ್ಮಷ್ಟಕ್ಕೆ ತಾವೇ ಅಲುಗುತ್ತಿದ್ದವು. ಕುಕ್ಕರಿನ ಸೀಟಿ ಎಣಿಸುತ್ತ ನಿಂತಾಗ ಗುಡ್ಡದ ಕಡೆಯಿಂದ ಢಮ್ ಎಂದರೆ ಲೆಕ್ಕ ತಪ್ಪುತ್ತಿತ್ತು. ಎಷ್ಟೋ ಸಲ ನನ್ನ ತೊಗರಿಬೇಳೆ ಕರಗಿ ನೀರಾದದ್ದು ದೇಶರಕ್ಷಣೆಯ ಸಲುವಾಗಿಯೇ.

ಆ ಗುಡ್ಡಗಳ ಬುಡಕ್ಕೆ ಒಂದು ಹಳ್ಳಿ ಇತ್ತು. ಹಳ್ಳಿಯ ದೇವರು ಖಂಡೋಬಾ. ಆತನ ಗುಡಿ ಇದ್ದದ್ದು ಮಾತ್ರ ಊರಲ್ಲಲ್ಲ, ಗುಡ್ಡದ ಸೊಂಟದಲ್ಲಿ, ತೋಪಿನ ಗುಂಡು ಬೀಳುವ ಸೀಮೆಯ ಒಳಗೆ. ಯಾರು ಯಾರ ಜಾಗಕ್ಕೆ ಬಂದರು ಅಂತ ಕೇಳಿದರೆ ಊರವರದೊಂದು ಉತ್ತರ, ಫೌಜಿನದೊಂದು ಉತ್ತರ. ಫೈರಿಂಗ್ ಇದ್ದ ದಿನ ದಿಬ್ಬದ ಮೇಲೆ ಕೆಂಪು ಬಾವುಟ ಏರಿಸುತ್ತಿದ್ದರು. ಬಾವುಟ ಇದ್ದಾಗ ಯಾರೂ ಗುಡ್ಡಕ್ಕೆ ಹೋಗಬಾರದು. ಉಳಿದ ದಿನ ಆಡು ಮೇಯಿಸಬಹುದು, ಗುಡಿಗೆ ದೀಪ ಹಚ್ಚಬಹುದು.

ಹೇಳಲಿಕ್ಕೆ ಸುಲಭ. ಗುಡ್ಡದಲ್ಲಿ ಬಿದ್ದ ಗುಂಡಿನ ಚೂರುಗಳಲ್ಲಿ ಹಿತ್ತಾಳೆ ಇರುತ್ತಿತ್ತು, ತಾಮ್ರ ಇರುತ್ತಿತ್ತು. ಅದನ್ನು ಆಯ್ದು ನಾಸಿಕದ ಗುಜರಿಯವರಿಗೆ ಮಾರುವವರಿದ್ದರು. ನಾವು ಹೋಗುವ ಮುಂಚೆಯಷ್ಟೇ, ಸಿಡಿಯದೆ ಬಿದ್ದಿದ್ದ ಒಂದು ಗುಂಡನ್ನು ಎತ್ತಲು ಹೋಗಿ ಒಬ್ಬ ಸತ್ತಿದ್ದ. ಊರವರು ಛಾವಣಿಯ ಲಾರಿಗೆ ಕಲ್ಲು ತೂರಿದರು. ಜವಾನರು ಅಟ್ಟಿಸಿಕೊಂಡು ಹೋದರು. ಆಮೇಲೆ ಊರಿನ ದಾರಿಗೆ ಜಾಲಿಮುಳ್ಳು ಬಿತ್ತು. ಛಾವಣಿಗೆ ಹಾಲು ಬರುವುದು ನಿಂತಿತು. ಬಾವುಟ ಏರಿಸಲು ಹೋದವರು ಕೋವಿ ಹಿಡಿದುಕೊಂಡೇ ಹೋಗಬೇಕಾಯಿತು.

ಊರನ್ನು ಸಮಾಧಾನ ಮಾಡುವ ಕೆಲಸ ಇವರ ಕೊರಳಿಗೆ ಬಿತ್ತು. ಗಡಿಯಲ್ಲಿದ್ದಾಗ ಇವರು ಇಂಥದೇ ಕೆಲಸ ಮಾಡಿದ್ದರು. ಅಲ್ಲಿ ಕಲಿತದ್ದು ಒಂದೇ: ಖುರ್ಚಿ ಮೇಲೆ ಕೂತವನನ್ನು ಬಿಟ್ಟು, ಊರು ಯಾರ ಮಾತು ಕೇಳುತ್ತದೋ ಅವನ ಹತ್ತಿರ ಹೋಗಿ ನೆಲದ ಮೇಲೆ ಕೂಡಬೇಕು. ಮೊದಲ ದಿನ ಹೊರಟಾಗ ನನಗೂ ಸೀರೆ ಉಡಲು ಹೇಳಿದರು.

"ನಾ ಯಾಕ್ರಿ?" ಅಂದೆ.

"ಹೆಂಡ್ತೀನ ಕರಕೊಂಡು ಬಂದಾವ ಜಗಳಕ್ಕ ಬಂದಿಲ್ಲಂತ ಊರಿಗೆ ತಿಳೀತೈತಿ."

"ಅಂದ್ರ ನಾ ಬಿಳೀ ನಿಶಾನಿ. ಚಲೋ ಆತು ಬಿಡ್ರಿ, ಕೋಲಿಗೆ ಕಟ್ಟಿಗೊಂಡು ಹೋಗ್ರಿ ನನ್ನ."

ಊರಿನ ಮಾತು ಇದ್ದದ್ದು ಒಬ್ಬ ಮುದುಕನ ಹತ್ತಿರ. ಪಂಚಾಯತಿಯ ಸರಪಂಚನಿಗೆ ಸಹಿ ಇತ್ತು, ಈ ಅಜ್ಜನಿಗೆ ಮಾತಿತ್ತು. ಖಂಡೋಬಾನ ಪೂಜೆ ಆತನದು. ದಿನಾ ಬೆಳಿಗ್ಗೆ ಎಣ್ಣೆಯ ಡಬ್ಬಿ ಹಿಡಿದು ಗುಡ್ಡ ಹತ್ತಿ ದೀಪ ಹಚ್ಚಿ ಬರುತ್ತಿದ್ದ. ತೆಳ್ಳಗಿನ ಆಳು, ತಲೆಗೆ ಬಿಳಿ ಟೊಪ್ಪಿಗೆ, ಹಣೆಯ ತುಂಬ ಅರಿಶಿನ. ಇವರು ಹೋಗಿ ಆತನ ಕಟ್ಟೆಯ ಕೆಳಗೆ ನೆಲದ ಮೇಲೆ ಕೂತರು. ಅಜ್ಜ ಇವರನ್ನು ನೋಡಲೇ ಇಲ್ಲ, ನನ್ನನ್ನು ನೋಡಿ ಮರಾಠಿಯಲ್ಲಿ ಕೇಳಿದ, ಅಲ್ಲಿ ಅಮ್ಮಾ ಅನ್ನುವ ಕಡೆ ಬಾಯಿ ಅನ್ನುತ್ತಾರೆ:

"ಬಾಯಿ, ಯಾವ ಊರು?"

ಕರ್ನಾಟಕ, ರಾಣೆಬೆನ್ನೂರು ಕಡೆ, ಮೈಲಾರಲಿಂಗ ನಮ್ಮ ಮನೆದೇವರು ಅಂದೆ. ಮುದುಕ ಎದ್ದು ನಿಂತುಬಿಟ್ಟ. ಮೈಲಾರನೂ ಖಂಡೋಬಾನೂ ಒಬ್ಬನೇ ಅಂತ ನನಗೂ ಗೊತ್ತಿತ್ತು, ಆತನಿಗೂ ಗೊತ್ತಿತ್ತು. ಖಂಡೋಬಾ ಕನ್ನಡ ನಾಡಿನಿಂದಲೇ ಬಂದವನು ಅನ್ನುವುದು ಅವರ ಕಡೆಯ ಹಳೆಯ ನಂಬಿಕೆ. "ಹಾಗಾದರೆ ದೇವರು ನಿನ್ನ ತವರಿನವನು. ತವರಿನವರು ಬಂದರೆ ಚಹಾ ಕೊಡದೆ ಕಳಿಸಬಾರದು," ಅಂದ. ಆ ಚಹಾದಿಂದ ಊರಿನ ಬಾಗಿಲು ತೆರೆಯಿತು. ವಾಪಸು ಬರುವಾಗ ಜೀಪಿನಲ್ಲಿ ಇವರು ನನಗೆ ಸೆಲ್ಯೂಟ್ ಹೊಡೆದರು. ನನಗೂ ಜಂಬ ಬಂದಿತ್ತು, ಇಲ್ಲ ಅನ್ನುವುದಿಲ್ಲ.

ಮಾತುಕತೆ ತಿಂಗಳುಗಟ್ಟಲೆ ನಡೆಯಿತು. ಕೊನೆಗೆ ಒಂದು ಭಾನುವಾರ, ಅದು ಖಂಡೋಬಾನ ವಾರ, ಊರವರೆಲ್ಲ ಗುಡಿಯ ಮುಂದೆ ಸೇರಿದರು. ಹಿತ್ತಾಳೆ ತಟ್ಟೆಯಲ್ಲಿ ಬಿಲ್ವಪತ್ರೆ, ಅದರ ಮೇಲೆ ಭಂಡಾರ. ಭಂಡಾರ ಅಂದರೆ ದೇವರ ಅರಿಶಿನದ ಪುಡಿ, ನಮ್ಮ ಮೈಲಾರದಲ್ಲಿ ಹಾರಿಸುತ್ತಾರಲ್ಲ, ಅದೇ. ಪತ್ರೆಯ ಜೊತೆ ಅದನ್ನು ಅಂಗೈಯಲ್ಲಿ ಎತ್ತಿ ಹಿಡಿದು ಆಡಿದ ಮಾತನ್ನು ಆ ಸೀಮೆಯಲ್ಲಿ ಯಾರೂ ಮುರಿಯುವುದಿಲ್ಲ. ಊರಿನ ಪರವಾಗಿ ಅಜ್ಜ ಎತ್ತಿದ. ಗುಂಡಿನ ಚೂರು ಆಯುವುದಿಲ್ಲ, ಕಲ್ಲು ತೂರುವುದಿಲ್ಲ, ಫೈರಿಂಗ್ ಇದ್ದ ದಿನ ದೀಪಕ್ಕೂ ಗುಡ್ಡ ಹತ್ತುವುದಿಲ್ಲ ಅಂದ. ಕೊನೆಯ ಮಾತು ಹೇಳುವಾಗ ಗುಡಿಯೊಳಗಿನ ದೀಪದ ಕಡೆ ತಿರುಗಿ ನೋಡಿದ. ದೀಪ ಹೊತ್ತು ಮೀರಿ ಹಚ್ಚಿದ್ದು ಆತನ ಜನ್ಮದಲ್ಲಿ ಇರಲಿಲ್ಲ.

ಆಮೇಲೆ ತಟ್ಟೆಯನ್ನು ಇವರ ಕಡೆ ಹಿಡಿದು ಕೇಳಿದ: "ಫೈರಿಂಗ್ ಇದೆ ಅಂತ ನಮಗೆ ಗೊತ್ತಾಗುವುದು ಹೇಗೆ?"

ಬಾವುಟ ಇರ್ತದಲ್ಲ ಅಂದರು ಇವರು. ಊರವರು ನಕ್ಕರು. ಗಾಳಿಗೆ ಬಾವುಟ ಕೋಲಿಗೆ ಸುತ್ತಿಕೊಳ್ಳುತ್ತದೆ, ಕೆಲವು ಸಲ ಫೈರಿಂಗ್ ಮುಗಿದ ಮೇಲೂ ಇಳಿಸಿರುವುದಿಲ್ಲ, ಪಂಚಾಯತಿಗೆ ಬರುವ ನೋಟಿಸು ತೋಪು ಹಾರಿದ ಮೇಲೆ ಬರುತ್ತದೆ ಅಂತ ಒಬ್ಬೊಬ್ಬರೂ ಒಂದೊಂದು ಹೇಳಿದರು. ಇವರು ಕೈ ಚಾಚಿ ಭಂಡಾರ ಎತ್ತಿಕೊಂಡುಬಿಟ್ಟರು.

"ಪ್ರತಿ ಸಲ ನಾನೇ ಬಂದು ಹೇಳ್ತೇನೆ. ನಾನು ಬರದ ದಿನ ಗುಂಡು ಹಾರುವುದಿಲ್ಲ."

ಎಲ್ಲರೂ "ಯೆಳಕೋಟ ಯೆಳಕೋಟ" ಎಂದು ಕೂಗಿದರು. ನನ್ನ ತವರಿನ "ಏಳುಕೋಟಿ"ಯೇ ಅದು, ಚಿಕ್ಕವಳಿದ್ದಾಗಿನಿಂದ ಕೇಳಿದ ಕೂಗು. ಅವತ್ತು ಮಾತ್ರ ಅದನ್ನು ಕೇಳಿ ನನಗೆ ಭಯವಾಯಿತು. ಭಂಡಾರ ಮುಟ್ಟಿ ಸುಳ್ಳು ಹೇಳುವುದಕ್ಕಿಂತ, ನಿಜ ಹೇಳಿ ನಡೆಸದೆ ಹೋಗುವುದು ಕೆಟ್ಟದ್ದು ಅಂತ ನಮ್ಮ ಮನೆಯಲ್ಲಿ ಹೇಳುತ್ತಿದ್ದರು. ಇವರ ಪಕ್ಕ ಸರಿದು ಕಿವಿಯ ಹತ್ತಿರ ಅಂದೆ:

"ನಿಮ್ಮ ಹೆಸರಿನ ಮ್ಯಾಲ ಆಣಿ ಮಾಡಬ್ಯಾಡ್ರಿ. ಫೌಜಿನ ಹೆಸರಿನ ಮ್ಯಾಲ ಮಾಡ್ರಿ."

ಇವರು ನಕ್ಕರು. "ಫೌಜಿಗೆ ಕೈ ಎಲ್ಲೈತಿ, ಭಂಡಾರ ಎತ್ತಾಕ?"

ಆಮೇಲಿನ ದಿನಗಳು ಎಷ್ಟು ಚೆನ್ನಾಗಿದ್ದವು ಅಂದರೆ ನನಗೇ ನನ್ನ ಭಯದ ಬಗ್ಗೆ ನಾಚಿಕೆಯಾಯಿತು. ಜಾಲಿಮುಳ್ಳು ಹೋಯಿತು, ಹಾಲು ಬಂತು. ಫೈರಿಂಗ್ ಇದ್ದ ದಿನ ಇವರು ಬೆಳಿಗ್ಗೆಯೇ ಜೀಪಿನಲ್ಲಿ ಊರಿಗೆ ಹೋಗಿ, ಅಜ್ಜನ ಕಟ್ಟೆಯ ಮೇಲೆ ಚಹಾ ಕುಡಿದು, ಹಣೆಗೆ ಭಂಡಾರ ಹಚ್ಚಿಸಿಕೊಂಡು ಬರುತ್ತಿದ್ದರು. ಜೀಪು ಕಂಡ ಕೂಡಲೇ ಗುಡ್ಡದ ಮೇಲಿದ್ದ ಆಡು, ದನ, ಮಂದಿ ಎಲ್ಲ ಕೆಳಗಿಳಿಯುತ್ತಿದ್ದರು. ಯಾರೂ ಕೂಗಿ ಹೇಳಬೇಕಾಗಿರಲಿಲ್ಲ. ಮೇಲಿನ ಅಧಿಕಾರಿಗಳು ಬಂದು ನೋಡಿ ಬೆನ್ನು ತಟ್ಟಿದರು. ಸ್ಥಳೀಯ ಸಂಸ್ಕೃತಿ, ಸ್ಥಳೀಯ ಮುಖಂಡರು ಅಂತೆಲ್ಲ ಇದಕ್ಕೊಂದು ಉದ್ದನೆಯ ಹೆಸರಿಟ್ಟು, ಬೇರೆ ಛಾವಣಿಯವರ ಮುಂದೆ ಇವರಿಂದ ಭಾಷಣ ಮಾಡಿಸಿದರು. ಮನೆಗೆ ಬಂದು ಭಾಷಣವನ್ನು ನನ್ನ ಮುಂದೂ ಒಪ್ಪಿಸಿದರು. ನಾನು ಮೆಂತ್ಯ ಸೋಸುತ್ತ ಕೇಳಿದೆ.

ಒಂದು ದಿನ ಊರಿನ ಹೆಂಗಸರ ಜೊತೆ ಬಾವಿಯ ಹತ್ತಿರ ಕೂತಿದ್ದೆ. ದಿಬ್ಬದ ಕಡೆ ಕಣ್ಣು ಹೋಯಿತು. ಬಾವುಟ ಗಾಳಿಗೆ ಹರಿದು ಚಿಂದಿಯಾಗಿ, ಕೋಲಿಗೆ ಒಂದು ಎಳೆ ಅಂಟಿಕೊಂಡಿತ್ತು. ಇದು ಯಾವಾಗಿನಿಂದ ಹೀಗಿದೆ ಅಂತ ಪಕ್ಕದಲ್ಲಿದ್ದ ಆಡು ಮೇಯಿಸುವ ಹೆಂಗಸನ್ನು ಕೇಳಿದೆ.

"ಯಾರಿಗೆ ಗೊತ್ತು ಬಾಯಿ? ಅದನ್ನು ಯಾರು ನೋಡ್ತಾರೆ? ಸಾಯೇಬ ಬರ್ತಾರಲ್ಲ."

ಉಳಿದವರೂ ತಲೆಯಾಡಿಸಿದರು. ಅಲ್ಲಿ ಕೂತ ಯಾರೊಬ್ಬರಿಗೂ ಬಾವುಟ ಹರಿದದ್ದು ಗೊತ್ತಿರಲಿಲ್ಲ. ಇವರಿಗೆ ಹೇಳಿದೆ. ಮರುದಿನವೇ ಹೊಸ ಬಾವುಟ ಏರಿಸಿದರು. ಆದರೆ ನಾನು ಹೇಳಿದ್ದು ಬಾವುಟದ ವಿಷಯವಲ್ಲ.

"ಇವ್ರು ನಿಮ್ಮ ಮುಖ ನೋಡಿ ಜೀವ ಉಳಿಸಿಕೋತಾರ. ನಾಳೆ ನಿಮಗ ಟ್ರಾನ್ಸ್‌ಫರ್ ಆದ್ರ?"

"ಬಂದಾವ ಮುಂದುವರಿಸ್ತಾನ."

"ಬಂದಾವ ನಿಮ್ಮ ಕೈ ತರ್ತಾನೇನು?"

ಇವರು ಪೇಪರ್ ಮಡಿಚಿಟ್ಟು ಸ್ನಾನಕ್ಕೆ ಹೋದರು. ಉತ್ತರ ಇಲ್ಲದಾಗ ಸ್ನಾನಕ್ಕೆ ಹೋಗುವುದು ಇವರ ಪದ್ಧತಿ.

ಟ್ರಾನ್ಸ್‌ಫರ್ ಬಂದೇ ಬಂತು. ಆಗ ಔರಂಗಾಬಾದ್ ಆಗಿದ್ದ, ಈಗ ಛತ್ರಪತಿ ಸಂಭಾಜಿನಗರ ಅನ್ನುವ ಊರಿನ ಛಾವಣಿಗೆ. ಇವರ ಜಾಗಕ್ಕೆ ಬಂದ ಹುಡುಗ ಕೆಟ್ಟವನಲ್ಲ, ಒಳ್ಳೆಯ ಅಧಿಕಾರಿ, ಕೆಲಸದಲ್ಲಿ ಬಲು ಚೊಕ್ಕ. ಅವನನ್ನು ಇವರೇ ಗುಡಿಗೆ ಕರೆದುಕೊಂಡು ಹೋದರು. ಅವನು ಬೂಟು ಬಿಚ್ಚಿ ಕೈ ಮುಗಿದ. ಅಜ್ಜ ತಟ್ಟೆ ಹಿಡಿದಾಗ ಮಾತ್ರ ಹಿಂದೆ ಸರಿದ. "ಬಾವುಟ ಇರ್ತದೆ, ಸೈರನ್ ಹಾಕಿಸ್ತೇನೆ, ಕಾವಲಿನವರು ಗುಡ್ಡ ಸುತ್ತಿ ಬರ್ತಾರೆ. ನಾನು ಇಲ್ಲದಿದ್ದರೂ ಅದೆಲ್ಲ ನಡೆಯಬೇಕು. ನನ್ನ ಹೆಸರಿನಲ್ಲಿ ಬೇಡ," ಅಂದ. ನನಗೆ ಅವನ ಮಾತು ಸರಿ ಅನ್ನಿಸಿತು. ಆದರೆ ತಟ್ಟೆ ಹಾಗೇ ಗಾಳಿಯಲ್ಲಿ ನಿಂತಿತ್ತು.

ಅಜ್ಜ ಅದನ್ನು ನಿಧಾನ ಇವರ ಕಡೆ ತಿರುಗಿಸಿದ. "ನೀವು?"

ಇವರು ಬಗ್ಗಿ ತಮ್ಮ ಬೂಟು ಹುಡುಕತೊಡಗಿದರು.

"ಹೋಗಿ ಬನ್ನಿ ಸಾಯೇಬ. ನಿಮಗೆ ಬದಲಿಯಾಯಿತು. ಭಂಡಾರಕ್ಕೆ ಆಗಿಲ್ಲ."

ಅದನ್ನು ಆತ ಸಿಟ್ಟಿನಲ್ಲಿ ಹೇಳಲಿಲ್ಲ. ಮಳೆ ಬರಬಹುದು ಅಂದ ಹಾಗೆ ಹೇಳಿದ. ಅದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು.

ಔರಂಗಾಬಾದಿನಲ್ಲಿ ನಮ್ಮ ಮನೆಯ ಮುಂದೆ ದೊಡ್ಡ ಬೇವಿನ ಮರವಿತ್ತು, ತೋಪಿನ ಸದ್ದಿರಲಿಲ್ಲ, ಬೇಳೆ ಹದವಾಗಿ ಬೇಯುತ್ತಿತ್ತು. ಬಂದ ಕೆಲವು ದಿನಕ್ಕೇ ನಾಸಿಕದಿಂದ ಫೋನು ಬಂತು. ಆ ಹುಡುಗನೇ ಮಾಡಿದ್ದ. ನಾಳೆ ಫೈರಿಂಗ್ ಇದೆ ಸರ್, ಹೇಳಬೇಕು ಅನ್ನಿಸಿತು ಅಂದ. ಮರುದಿನ ನಸುಕಿನಲ್ಲಿ ಇವರು ರಜೆ ಹಾಕಿ, ಕಾರು ತೆಗೆದುಕೊಂಡು, ಯೇವಲಾ, ನಿಫಾಡ್ ದಾಟಿ ಆ ಊರಿಗೆ ಹೋಗಿ, ಚಹಾ ಕುಡಿದು, ಭಂಡಾರ ಹಚ್ಚಿಸಿಕೊಂಡು, ಸಂಜೆ ತಿರುಗಿ ಬಂದರು. ಹಣೆ ಹಳದಿ, ಕಣ್ಣು ಕೆಂಪು.

ಹೀಗೇ ಶುರುವಾಯಿತು. ಫೋನು ಬಂದಾಗಲೆಲ್ಲ ಹೊರಟರು. ಕೆಲವು ಸಲ ಬಸ್ಸಿನಲ್ಲಿ, ಕೆಲವು ಸಲ ದ್ರಾಕ್ಷಿ ಸಾಗಿಸುವ ಟೆಂಪೋದಲ್ಲಿ. ಬರುವಾಗ ನಿಫಾಡಿನಿಂದ ದ್ರಾಕ್ಷಿ ತಂದು ನನ್ನ ಬಾಯಿ ಮುಚ್ಚಿಸಲು ನೋಡುತ್ತಿದ್ದರು. ನಾನು ದ್ರಾಕ್ಷಿ ತಿನ್ನುತ್ತಲೇ ಬೈಯುತ್ತಿದ್ದೆ.

"ಎಲ್ಲಿಮಟಾ ಹಿಂಗ? ರಿಟೈರ್ ಆಗೂಮಟಾನೋ, ಸಾಯೂಮಟಾನೋ?"

"ಊರಿಗೆ ಬಾವುಟದ ರೂಢಿ ಆಗೂಮಟಾ."

"ನೀವು ಹೋಗೂದು ಬಿಟ್ಟರ ಅಲ್ಲೇನ್ರಿ ಅದು ರೂಢಿ ಆಗೂದು?"

"ಬಿಟ್ಟ ಮೊದಲನೇ ದಿನ ಏನಾಗ್ತೈತಿ, ಅದನ್ನ ಹೇಳು."

ನಾನು ಎದ್ದು ದ್ರಾಕ್ಷಿಯ ತಟ್ಟೆ ಒಳಗಿಟ್ಟೆ. ಮನೆಯಲ್ಲಿ ಫೋನು ಹೊಡೆದುಕೊಂಡರೆ ನಾನು ಎತ್ತದೆ ಇವರನ್ನು ಕರೆಯುತ್ತಿದ್ದೆ. ತವರಿನವರ ಫೋನಾದರೂ ಅಷ್ಟೆ.

ಒಂದು ಮಳೆಗಾಲದ ಕೊನೆಗೆ ಇವರಿಗೆ ಡೆಂಗ್ಯೂ ಆಯಿತು. ಆಸ್ಪತ್ರೆಯಲ್ಲಿ ಕೈಗೆ ಸಲೈನ್ ಚುಚ್ಚಿಸಿಕೊಂಡು ಮಲಗಿದ್ದಾಗ ಫೋನು ಬಂತು, ನಾಳೆ ಇದೆ ಅಂತ. ಇವರು ಎದ್ದು ಕೂತು ಚಪ್ಪಲಿ ಹುಡುಕತೊಡಗಿದರು. ನರ್ಸಮ್ಮ ಬಂದು ಗದರಿದಳು. ನಾನು ಹುಡುಗನಿಗೆ ಹೇಳಿ ಊರಿಗೆ ಸುದ್ದಿ ಕಳಿಸಿದೆ, ಸಾಹೇಬರಿಗೆ ಹುಷಾರಿಲ್ಲ, ಬರುವುದಿಲ್ಲ, ಗುಂಡು ಹಾರುತ್ತದೆ ಅಂತ. ತಿರುಗಿ ಬಂದ ಉತ್ತರ ಹೀಗಿತ್ತು: ಊರವರು ಕೇಳಿಸಿಕೊಂಡರು, ಅಜ್ಜ ಏನೂ ಅನ್ನಲಿಲ್ಲ.

"ಏನೂ ಅನ್ನಲಿಲ್ಲ ಅಂದ್ರ ಗುಡ್ಡಕ್ಕ ಹೋಗ್ತಾನ," ಅಂದರು ಇವರು. ಜ್ವರದ ಮುಖದಲ್ಲಿ ಕಣ್ಣು ಮಾತ್ರ ಉಳಿದಿತ್ತು. "ನೀ ಹೋಗು."

ಬಾಡಿಗೆಯ ಜೀಪು ಹಿಡಿದು ನಸುಕಿನಲ್ಲಿ ಹೊರಟೆ. ಯೇವಲಾದಲ್ಲಿ ಅವತ್ತು ಉಳ್ಳಾಗಡ್ಡಿಯ ಹರಾಜು. ಟ್ರ್ಯಾಕ್ಟರುಗಳು ರಸ್ತೆಯ ಆಚೆ ಈಚೆ ಸಾಲುಗಟ್ಟಿ ನಿಂತುಬಿಟ್ಟಿದ್ದವು. ಡ್ರೈವರ್ ಹಾರ್ನ್ ಹೊಡೆದ, ನಾನು ಇಳಿದು ಕೈ ಮುಗಿದೆ, ರೈತರು ಪಾಪ ತಾವೇ ಇಳಿದು ಟ್ರಾಲಿ ಸರಿಸಿಕೊಟ್ಟರು. ಆದರೂ ಹೊತ್ತು ಏರಿತು. ದಾರಿಯುದ್ದಕ್ಕೂ ನನ್ನ ಕಿವಿ ಗುಡ್ಡದ ಕಡೆಯೇ ಇತ್ತು. ಅಷ್ಟು ದೂರದಿಂದ ಕೇಳಿಸುವುದಿಲ್ಲ ಅಂತ ಗೊತ್ತಿದ್ದರೂ.

ಊರು ತಲುಪಿದಾಗ ಕಟ್ಟೆಯ ಮೇಲೆ ಅಜ್ಜ ಇರಲಿಲ್ಲ. ಆತನ ಸೊಸೆ ಗುಡ್ಡದ ಕಡೆ ಕೈ ಮಾಡಿದಳು. ದಿಬ್ಬದ ಮೇಲೆ ಹೊಸ ಕೆಂಪು ಬಾವುಟ ಸೊಗಸಾಗಿ ಹಾರುತ್ತಿತ್ತು. ಕಾವಲಿನವರ ಕಣ್ಣು ತಪ್ಪಿಸಿ ಹಳ್ಳದ ದಾರಿಯಲ್ಲಿ ಬಿಳಿ ಟೊಪ್ಪಿಗೆ ಮೇಲೇರುತ್ತಿತ್ತು. ನಾನು ಸೀರೆ ಎತ್ತಿ ಕಟ್ಟಿ ಓಡಿದೆ. ಮರಾಠಿ ಮರೆತೇ ಹೋಯಿತು.

"ಅಜ್ಜಾ! ನಿಂದರೋ! ಹೋಗಬ್ಯಾಡೋ!"

ಭಾಷೆ ತಿಳಿಯಿತೋ ಇಲ್ಲವೋ, ನಿಂತ. ನಾನು ಏದುಸಿರು ಬಿಡುತ್ತ ಹತ್ತಿರ ಹೋದೆ. ಆತನ ಕೈಯಲ್ಲಿ ಎಣ್ಣೆಯ ಡಬ್ಬಿ.

"ಸಾಯೇಬ ಎಲ್ಲಿ?"

"ಆಸ್ಪತ್ರೆಯಲ್ಲಿ. ಇವತ್ತು ಫೈರಿಂಗ್ ಇದೆ. ಬಾವುಟ ಕಾಣಲಿಲ್ಲವಾ ನಿನಗೆ?"

"ಕಾಣ್ತದೆ ಬಾಯಿ. ಕಣ್ಣು ಇನ್ನೂ ಚೆನ್ನಾಗಿವೆ."

"ಕಂಡೂ ಹೊರಟೆಯಾ?"

"ಸಾಯೇಬ ಬಂದಿರಲಿಲ್ಲ." ಮಗುವಿಗೆ ತಿಳಿಸಿ ಹೇಳುವಂತೆ ಹೇಳಿದ. "ನಾನು ಬರದ ದಿನ ಗುಂಡು ಹಾರುವುದಿಲ್ಲ ಅಂತ ಅವರು ಭಂಡಾರ ಎತ್ತಿದ್ದಾರೆ. ಬಾವುಟ ನೋಡಿ ನಾನು ಮನೆಯಲ್ಲಿ ಕೂತರೆ ಅವರ ಮಾತು ಸುಳ್ಳು ಅಂದಂತಾಯಿತು. ಅವರನ್ನು ಸುಳ್ಳುಗಾರ ಅನ್ನಲಿಕ್ಕೆ ನಾನು ಯಾರು?"

ನನಗೆ ಮೈಯೆಲ್ಲ ಉರಿಯಿತು. ಈ ಮುದುಕನನ್ನು ಭುಜ ಹಿಡಿದು ಅಲುಗಾಡಿಸಬೇಕು ಅನ್ನಿಸಿತು. ಅಲುಗಾಡಿಸಲಿಲ್ಲ. "ನಾನು ಅವರ ಹೆಂಡತಿ, ಅವರ ಅರ್ಧ. ನಾನು ಬಂದಿದ್ದೇನೆ. ಅವರು ಬಂದ ಹಾಗೇ," ಅಂದೆ.

ಅಜ್ಜ ಮೇಲೆ ಗುಡಿಯ ಕಡೆ ನೋಡಿದ, ಕೆಳಗೆ ಊರಿನ ದಾರಿಯ ಕಡೆ ನೋಡಿದ. ಗುಡ್ಡದಾಚೆ ಎಲ್ಲಿಯೋ ಲಾರಿಯ ಸದ್ದು ಕೇಳುತ್ತಿತ್ತು. ಕೊನೆಗೆ ಆತ ಸೊಂಟದ ಚೀಲದಿಂದ ಭಂಡಾರ ತೆಗೆದು ನನ್ನ ಹಣೆಗೆ ಹಚ್ಚಿ, ನನ್ನ ಹಿಂದೆ ಇಳಿಯತೊಡಗಿದ. ನಾವು ಬಾವಿಯ ಹತ್ತಿರ ಬಂದಾಗ ಮೊದಲನೆಯ ತೋಪು ಹಾರಿತು. ಊರವರು ನನ್ನನ್ನು ದೇವರಂತೆ ನೋಡಿದರು. ನನಗೆ ಮಾತ್ರ ಕೊರಳಿಗೆ ಏನೋ ಬಿದ್ದ ಹಾಗಾಯಿತು. ಇನ್ನು ಇವರು ಬರಲಾಗದ ದಿನ ನಾನು ಬರಬೇಕು, ನಾನೂ ಬರಲಾಗದ ದಿನ?

ಆ ದಿನ ಬರಲು ತಡವಾಗಲಿಲ್ಲ. ಮುಂದಿನ ಟ್ರಾನ್ಸ್‌ಫರ್ ಅಸ್ಸಾಮಿಗೆ. ಅಲ್ಲಿಂದ ಚಹಾ ಕುಡಿಯಲು ನಾಸಿಕಕ್ಕೆ ಬಂದು ಹೋಗುವುದು ಇವರಿಂದಲೂ ಸಾಧ್ಯವಿರಲಿಲ್ಲ. ನಾವಿಬ್ಬರೂ ಅಜ್ಜನ ಹತ್ತಿರ ಹೋದೆವು. ಇವರು ಎಂದಿನಂತೆ ಕೆಳಗೆ ಕೂತು, "ನನ್ನ ಮಾತಿನಿಂದ ನನ್ನನ್ನು ಬಿಡಿಸಿ," ಅಂದರು. ಜೀವನದಲ್ಲಿ ಇವರು ಯಾರನ್ನಾದರೂ ಬೇಡಿಕೊಂಡದ್ದನ್ನು ನಾನು ಕಂಡದ್ದು ಆಗ ಮಾತ್ರ.

ಅಜ್ಜ ಊರವರನ್ನೆಲ್ಲ ಸೇರಿಸಿದ. "ಸಾಯೇಬರು ದೂರ ಹೋಗುತ್ತಿದ್ದಾರೆ. ಇನ್ನು ಮುಂದೆ ಊರು ಬಾವುಟ ನೋಡಬೇಕು. ಬಾವುಟ ಇದ್ದರೆ ಒಂದು ಆಡೂ ಗುಡ್ಡಕ್ಕೆ ಹೋಗಬಾರದು. ಇದು ದೇವರ ಮಾತು," ಅಂದ. ಎಲ್ಲರೂ ಒಪ್ಪಿದರು. ಇವರು ಆತನ ಕಾಲು ಮುಟ್ಟಿದರು. ಜೀಪಿನಲ್ಲಿ ಕೂತ ಮೇಲೆ ಹಗುರವಾಗಿ ಶಿಳ್ಳೆ ಹಾಕತೊಡಗಿದರು.

"ಊರು ನೋಡಬೇಕು ಅಂದ. ನಾನೂ ನೋಡತೇನಿ ಅನ್ನಲಿಲ್ಲ," ಅಂದೆ ನಾನು.

"ನೀ ಎಲ್ಲಾದ್ರಾಗೂ ಹುಳುಕು ಹುಡುಕ್ತಿ ನೋಡು."

ಶಿಳ್ಳೆ ಮಾತ್ರ ನಿಂತಿತು.

ಅಸ್ಸಾಮಿನಲ್ಲಿದ್ದಾಗ ಒಂದು ಮಧ್ಯಾಹ್ನ ಫೋನು ಬಂತು. ನಾನು ಅಕ್ಕಿ ಆರಿಸುತ್ತಿದ್ದೆ. ಇವರು ಫೋನು ಹಿಡಿದು ಬಹಳ ಹೊತ್ತು ಕೇಳಿದರು, ನಡುವೆ ಒಂದೇ ಮಾತು: "ಊರವರು?" ಆ ಕಡೆಯಿಂದ ನಾಸಿಕದ ಹುಡುಗ ಅಳುತ್ತಿದ್ದದ್ದು ನನಗೂ ಕೇಳಿಸಿತು. ಅವನು ಎಲ್ಲ ಮಾಡಿದ್ದ. ಬಾವುಟ, ಸೈರನ್, ಅಜ್ಜನ ಮನೆಯ ಮುಂದೆ ಒಬ್ಬ ಕಾವಲಿನವನನ್ನೂ ನಿಲ್ಲಿಸಿದ್ದ. ಊರಿನ ಒಂದು ಆಡೂ ಗುಡ್ಡ ಹತ್ತಿರಲಿಲ್ಲ. ಅಜ್ಜ ಹಿತ್ತಿಲಿನಿಂದ ಹಳ್ಳಕ್ಕಿಳಿದು ಹೋಗಿದ್ದ. ಗುಡಿಗೆ ಏನೂ ಆಗಿರಲಿಲ್ಲ, ದೀಪವೂ ಉರಿಯುತ್ತಿತ್ತು. ಅಜ್ಜನ ಮೇಲೆ ಗುಂಡು ಬಿದ್ದದ್ದು ಇಳಿಯುವ ದಾರಿಯಲ್ಲಿ.

ಇವರು ಸ್ನಾನಕ್ಕೆ ಹೋದರು. ನಲ್ಲಿ ಬಿಟ್ಟ ಸದ್ದು ಕೇಳಿಸಲಿಲ್ಲ.

ರಜೆ ಸಿಕ್ಕ ಮೇಲೆ ನಾಸಿಕಕ್ಕೆ ಹೋಗಿ, ಛಾವಣಿಯ ಜೀಪಿನಲ್ಲಿ ಊರಿಗೆ ಹೊರಟೆವು. ದಾರಿಯುದ್ದಕ್ಕೂ ನಾನು ಬೈಗುಳಕ್ಕೆ ಸಿದ್ಧಳಾಗಿದ್ದೆ, ಕಲ್ಲಿಗೂ ಸಿದ್ಧಳಾಗಿದ್ದೆ. ಊರಲ್ಲಿ ಯಾರೂ ಬೈಯಲಿಲ್ಲ. ಸೊಸೆ ಕಟ್ಟೆ ಒರೆಸಿ ಚಾಪೆ ಹಾಸಿ ಚಹಾ ಕೊಟ್ಟಳು. ಮಾವ ಹೋದ ದಿನ ಬೆಳಿಗ್ಗೆ ತಾನೇ ಆತನಿಗೆ ಹೇಳಿದ್ದಾಗಿ ತಿಳಿಸಿದಳು, ಬಾವುಟ ಏರಿದೆ ಅಂತ.

"ಏನಂದ?" ಇವರು ಕೇಳಿದರು.

"ಸಾಯೇಬ ಬಂದಿದ್ದಾರಾ ಅಂದ. ಇಲ್ಲ ಅಂದೆ. ಹಾಗಾದರೆ ಎಣ್ಣೆ ತುಂಬಿಸು ಅಂದ." ಅವಳು ಇವರ ಬಟ್ಟಲಿಗೆ ಇನ್ನಷ್ಟು ಚಹಾ ಬಗ್ಗಿಸುತ್ತ ಹೇಳಿದಳು, "ಊರನ್ನು ಆ ಮಾತಿನಿಂದ ಬಿಡಿಸಿದ್ದೇನೆ, ನನ್ನನ್ನು ಹೇಗೆ ಬಿಡಿಸಿಕೊಳ್ಳಲಿ, ಆ ತಟ್ಟೆ ಹಿಡಿದವನು ನಾನೇ ಅಂತ ಆಗಾಗ ಅನ್ನುತ್ತಿದ್ದ."

ಒಳಗೆ ಹೋಗಿ ಅದೇ ಹಿತ್ತಾಳೆ ತಟ್ಟೆ ತಂದು, ಮನೆಗೆ ಬಂದವರಿಗೆ ಹಚ್ಚುವ ರೂಢಿಯಂತೆ, ಇವರ ಮುಂದೆ ಹಿಡಿದಳು. ಇವರ ಕೈ ಮೊಣಕಾಲಿನ ಮೇಲಿಂದ ಏಳಲಿಲ್ಲ. ಅವಳೇ ಬಗ್ಗಿ ಹಣೆಗೆ ಹಚ್ಚಿದಳು.

ಆಗ ಮೇಲಿನಿಂದ ಗಂಟೆಗಳ ಸದ್ದು ಕೇಳಿಸಿತು. ನಾನು ತಲೆ ಎತ್ತಿ ನೋಡಿದೆ. ದಿಬ್ಬದ ಮೇಲೆ ಬಾವುಟ ಇರಲಿಲ್ಲ, ಅವತ್ತು ಫೈರಿಂಗ್ ಇರಲಿಲ್ಲ. ಆದರೂ ಗುಡ್ಡದ ಎಲ್ಲ ಕಡೆಯಿಂದ ಆಡುಗಳು, ದನಗಳು, ಅವುಗಳ ಹಿಂದೆ ಮಂದಿ, ಧೂಳೆಬ್ಬಿಸಿಕೊಂಡು ಅವಸರದಿಂದ ಕೆಳಗಿಳಿಯುತ್ತಿದ್ದರು. ನಮ್ಮ ಜೀಪು ಅವರಿಗೆ ಕಂಡಿತ್ತು.

ಇವರು ಎದ್ದು ನಿಂತು ಎರಡೂ ಕೈ ಮೇಲೆತ್ತಿ, ಇಲ್ಲ, ಇವತ್ತು ಇಲ್ಲ, ಅಂತ ಕೂಗಿದರು. ಅದನ್ನು ಕಂಡು ಅವರು ಇನ್ನೂ ಜೋರಾಗಿ ಓಡತೊಡಗಿದರು.